ಹೊಳೆ ದಾಟಿಸಿದ ಬೆಕ್ಕು

ತಂಗಿ ಗಂಡನನ್ನು ಬಿಟ್ಟು ನಮ್ಮ ಮನೆಗೆ ಬಂದಾಗ ಅವಳ ಒಂದು ಕೈಯಲ್ಲಿ ಬಟ್ಟೆಯ ಬ್ಯಾಗು, ಇನ್ನೊಂದರಲ್ಲಿ ಬೆಕ್ಕಿನ ಬುಟ್ಟಿ ಇತ್ತು. ಏಕೆ ಬಂದೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೇಳದೆ ಇದ್ದದ್ದನ್ನೇ ದೊಡ್ಡ ಉಪಕಾರವೆಂದು ಆಗ ಅಂದುಕೊಂಡಿದ್ದೆ.

ಬೆಕ್ಕು ಹಾಸನದಲ್ಲಿ ಮೂರನೇ ಮಹಡಿಯ ಮನೆಯಲ್ಲಿ ಬೆಳೆದದ್ದು. ಅದಕ್ಕೆ ಮರ ಹತ್ತಲು ಬರುತ್ತಿರಲಿಲ್ಲ, ನಾಯಿ ಕಂಡರೆ ಓಡಬೇಕೆಂಬುದೂ ತಿಳಿದಿರಲಿಲ್ಲ. ಹಾಗಾಗಿ ತಂಗಿ ಅದರ ಎದೆಗೆ ಪಟ್ಟಿ ಕಟ್ಟಿ, ಹಗ್ಗ ಹಿಡಿದು, ದಿನಾ ಸಂಜೆ ನಮ್ಮ ಗೇಟಿನಿಂದ ಜಾವಳಿಯ ಬಸ್ ಸ್ಟಾಪಿನವರೆಗೆ ನಡೆಸಿಕೊಂಡು ಹೋಗಿಬರುತ್ತಿದ್ದಳು. ನಮ್ಮ ಕಡೆ ಹಗ್ಗ ದನಕ್ಕೆ ಹಾಕುತ್ತಾರೆ, ನಾಯಿಗೆ ಹಾಕುತ್ತಾರೆ. ಬೆಕ್ಕಿಗೆ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. ತೋಟದ ಕೆಲಸ ಮುಗಿಸಿ ಬರುವ ಹೆಂಗಸರು ನಿಂತು ನೋಡುತ್ತಿದ್ದರು.

"ಇದೆಂತದಮ್ಮ, ಬೆಕ್ಕನ್ನ ಮೇಯ್ಸೋಕೆ ಹೊರಟ್ರಾ?"

"ಹೌದು, ಮೇಯ್ಸಿದ್ರೆ ಹಾಲು ಜಾಸ್ತಿ ಕೊಡ್ತದೆ," ಎಂದು ತಂಗಿ ನಗುತ್ತಿದ್ದಳು. ಮನೆಯೊಳಗೆ ನಾಲ್ಕು ಮಾತು ಆಡದವಳು ರಸ್ತೆಯಲ್ಲಿ ಬೆಕ್ಕಿನ ಊಟ, ನಿದ್ದೆ, ಸೊಕ್ಕು ಎಲ್ಲವನ್ನೂ ವರ್ಣಿಸುತ್ತ ನಿಲ್ಲುತ್ತಿದ್ದಳು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೂರು ಎಕರೆ ಕಾಫಿ ಇಟ್ಟುಕೊಂಡು ಮೂವತ್ತು ಎಕರೆಯವರ ಮರ್ಯಾದೆ ಬಯಸುವ ಆಸಾಮಿ ನಾನು. ಒಂದು ದಿನ ಬೆಳೆಗಾರರ ವಾಟ್ಸಾಪ್ ಗುಂಪಿಗೆ ಯಾರೋ ಹಿಂದಿನಿಂದ ತೆಗೆದ ವಿಡಿಯೋ ಹಾಕಿದರು. ತಂಗಿ, ಹಗ್ಗ, ಬಾಲ ಎತ್ತಿಕೊಂಡ ಬೆಕ್ಕು. ಕೆಳಗೆ ಸಾಲುಸಾಲಾಗಿ ನಗುವ ಮುಖಗಳು. ಮರುದಿನ ಬಣಕಲ್‌ನ ಗೊಬ್ಬರದಂಗಡಿಯಲ್ಲಿ ಪರಿಚಯದವರೊಬ್ಬರು, "ಏನ್ ಮಾರಾಯ, ಬೆಕ್ಕಿನ ಮೆರವಣಿಗೆ ಇವತ್ತು ಎಷ್ಟೊತ್ತಿಗೆ?" ಎಂದರು. ನಾನೂ ಹಲ್ಲು ಕಿರಿದೆ.

"ಹೋಗ್ಲಿ ಬಿಡಿ, ಅದರ ನೆಪದಲ್ಲಾದ್ರೂ ಅವ್ಳು ಹೊರಗೆ ಹೋಗ್ತಾಳಲ್ಲ," ಎಂದಳು ನನ್ನ ಹೆಂಡತಿ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬೇಡವಾದ ಬೆಕ್ಕನ್ನು ನಮ್ಮಲ್ಲಿ ಯಾರೂ ಕೊಲ್ಲುವುದಿಲ್ಲ. ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕಂತೆ. ಅದಕ್ಕೇ ಗೋಣಿಚೀಲದಲ್ಲಿ ಹಾಕಿ, ಹೊಳೆ ದಾಟಿಸಿ ಬಿಟ್ಟುಬರುತ್ತಾರೆ. ಚೀಲವನ್ನು ಮೂರು ಸುತ್ತು ತಿರುಗಿಸಿದರೆ ಅದಕ್ಕೆ ದಿಕ್ಕು ತಪ್ಪುತ್ತದೆ, ನೀರು ದಾಟಿದ ಬೆಕ್ಕು ಮನೆಗೆ ಮರಳುವುದಿಲ್ಲ ಎನ್ನುತ್ತಾರೆ ಹಿರಿಯರು. ಪಾಪವೂ ಅಂಟುವುದಿಲ್ಲವಂತೆ. ಒಂದು ಮಧ್ಯಾಹ್ನ ತಂಗಿ ಸ್ನಾನಕ್ಕೆ ಹೋಗಿದ್ದಾಗ ನಾನೂ ಹಾಗೆಯೇ ಮಾಡಿದೆ. ಚೀಲವನ್ನು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಸೇತುವೆ ದಾಟಿದೆ, ಮೂರು ಸುತ್ತು ತಿರುಗಿಸಿದೆ, ಬಾಯಿ ಬಿಚ್ಚಿದೆ.

ಬೆಕ್ಕು ಓಡಲಿಲ್ಲ. ಹೊರಗೆ ಬಂದು ನನ್ನ ಕಾಲ ಪಕ್ಕದಲ್ಲೇ ನಿಂತಿತು. ಹಗ್ಗ ಹಿಡಿದವರು ಹೆಜ್ಜೆ ಹಾಕಲಿ ಎಂದು ಕಾಯುತ್ತಿತ್ತು. ನಾನು ಎರಡು ಹೆಜ್ಜೆ ನಡೆದರೆ ಅದೂ ಎರಡು ಹೆಜ್ಜೆ ಬಂತು. ಕೊನೆಗೆ ಕಲ್ಲೆತ್ತಿ ಪಕ್ಕಕ್ಕೆ ಎಸೆದು ಗದರಿದ ಮೇಲೆ ಕಾಫಿ ಗಿಡಗಳೊಳಗೆ ನುಗ್ಗಿತು. ಆ ಕ್ಷಣದಲ್ಲೇ ನನಗೆ ಅಸಹ್ಯವಾಯಿತು, ಆದರೂ ಖಾಲಿ ಚೀಲ ಮಡಚಿಟ್ಟುಕೊಂಡು ಸ್ಕೂಟರ್ ತಿರುಗಿಸಿ ಮನೆಗೆ ಬಂದೆ.

"ಬಾಗಿಲು ತೆರೆದಿತ್ತು, ಎಲ್ಲಿಗೋ ಹೋಗಿರ್ಬೇಕು," ಎಂದೆ. ತಂಗಿ ಹುಡುಕಲು ಹೊರಟಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾನೂ ಅವಳ ಜೊತೆ ಹುಡುಕಿದೆ. ನಾಲ್ಕು ದಿನ ರಸ್ತೆಯಲ್ಲಿ ಸಿಕ್ಕವರೆಲ್ಲ, "ಬೆಕ್ಕು ಸಿಕ್ತಾ ಅಮ್ಮ?" ಎಂದು ಮರುಗಿದರು. ಐದನೆಯ ದಿನ ಬಸ್ ಸ್ಟಾಪಿನಲ್ಲಿ ಕುಳಿತಿದ್ದ ಪಕ್ಕದ ತೋಟದ ಹಿರಿಯ ಹೆಂಗಸೊಬ್ಬರು ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಬೆಕ್ಕು ಹೋಗ್ಲಿ ಬಿಡಿ. ನೀವು ಹೊರಡೋದು ಯಾವಾಗ? ಯಜಮಾನ್ರು ಕರ್ಕೊಂಡ್ಹೋಗೋಕೆ ಬರಲ್ವಾ?"

ತಂಗಿ ಮನೆಯ ಕಡೆ ತಿರುಗಿದಳು. ಅವಳು ಬಂದು ನಾಲ್ಕು ತಿಂಗಳಾಗಿತ್ತು, ಆ ಪ್ರಶ್ನೆಯನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಅಷ್ಟು ದಿನವೂ ಊರಿನವರ ಕಣ್ಣೆಲ್ಲ ಬೆಕ್ಕಿನ ಮೇಲಿತ್ತು. ಹಗ್ಗದ ಈ ತುದಿಯಲ್ಲಿ ಇದ್ದವಳನ್ನು ಯಾರೂ ನೋಡಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದೂ ಅಷ್ಟೇ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಊರಲ್ಲಿ ಅವಳು ತಲೆಯೆತ್ತಿ ನಡೆಯಲು ಇದ್ದ ಒಂದೇ ದಾರಿಯನ್ನು ನಾನು ಗೋಣಿಚೀಲದಲ್ಲಿ ತುಂಬಿ ಬಿಸಾಡಿ ಬಂದಿದ್ದೆ.

ಮರುದಿನ ಬೆಳಗ್ಗೆಯಿಂದ ಸಂಜೆಯವರೆಗೆ ಹೊಳೆಯಾಚೆಯ ತೋಟಗಳಲ್ಲಿ ಕೂಗುತ್ತ ತಿರುಗಿದೆ. ಸಿಗಲಿಲ್ಲ. ತಂಗಿ ಮತ್ತೆ ಗೇಟು ದಾಟಲಿಲ್ಲ. ಬಟ್ಟೆ ಒಣಗಿಸಲು ಅಂಗಳಕ್ಕೆ ಬರುವುದನ್ನೂ ಬಿಟ್ಟಳು.

ತಿಂಗಳ ಮೇಲೆ ತಡೆಯಲಾಗದೆ, ಅವಳು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ತಲೆಯೆತ್ತಲಿಲ್ಲ.

"ಗೊತ್ತಿತ್ತು. ಚೀಲದಲ್ಲಿ ಕೂದಲಿತ್ತು. ನೀನೇ ಹೇಳ್ತೀಯೇನೋ ಅಂತ ಕಾದೆ."

"ಒಂದು ಮಾತು ಕೇಳ್ಬಹುದಿತ್ತಲ್ಲ. ಬೈಬಹುದಿತ್ತಲ್ಲ."

"ನಾನಿರೋದು ನಿನ್ನ ಮನೇಲಿ ಅಲ್ವಾ ಅಣ್ಣ," ಎಂದಳು.