ಕಮಲಕ್ಕ ಆರಿಸಿದ ಮಷೀನು

ಗೆಳೆಯರೇ, ಇವತ್ತು ನಮ್ಮ ಆಫೀಸಿನಲ್ಲಿ ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಸಕಲೇಶಪುರದ ನಮ್ಮ ಕಾಫಿ ವ್ಯಾಪಾರದ ಆಫೀಸಿಗೆ ಬೆಳಿಗ್ಗೆ ಹಾಸನದ ಏಜೆಂಟನೊಬ್ಬ ಎರಡು ಫ್ರಾಂಕಿಂಗ್ ಮಷೀನು ತಂದ. ಲಕೋಟೆಗೆ ಸ್ಟಾಂಪು ಅಂಟಿಸುವ ಬದಲು ಅಂಚೆಯ ಮುದ್ರೆಯನ್ನೇ ಒತ್ತಿಬಿಡುವ ಯಂತ್ರ. ಒಂದನ್ನು ಬಾಡಿಗೆಗೆ ಪಡೆಯಬೇಕಿತ್ತು. ಯಾವುದು ಅನುಕೂಲವೆಂದು ನೋಡಲು ಯಜಮಾನರು ಕಮಲಕ್ಕನನ್ನು ಕರೆದರು. ಆಲೂರಿನಿಂದ ಬಸ್ಸಿನಲ್ಲಿ ಬರುವ ಕಮಲಕ್ಕ ಇಪ್ಪತ್ತಾರು ವರ್ಷದಿಂದ ನಮ್ಮ ಕಾಗದಗಳಿಗೆಲ್ಲ ಸ್ಟಾಂಪು ಅಂಟಿಸುತ್ತಿರುವವರು.

ಅವರು ಎರಡರಲ್ಲೂ ಹಳೆಯ ಲಕೋಟೆಗಳನ್ನು ತೂರಿಸಿ ನೋಡಿದರು. "ಈ ಸಣ್ಣದೇ ಚೆನ್ನಾಗೈತೆ ಸಾರ್. ಓದು ಬರಹ ಬರದೋರೂ ಒತ್ಬೋದು," ಎಂದರು ಖುಷಿಯಿಂದ.

"ಹಂಗಾದ್ರೆ ವಾಚ್‌ಮನ್ನೇ ಒತ್ಲಿ ಬುಡಿ. ಈ ತಿಂಗ್ಳು ಮುಗ್ಸಿ ನೀವು ಮನೇಲಿ ಆರಾಮಾಗಿರಿ ಕಮಲಮ್ಮ," ಎಂದರು ಯಜಮಾನರು.

ಕಮಲಕ್ಕ ನಗುತ್ತಲೇ ಇದ್ದರು. ಮಾತು ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು, "ಎರಡೂ ಕಷ್ಟ ಐತೆ ಅಂತ ಹೇಳ್ಬೇಕಿತ್ತೇನೋ ಅಲ್ವೇನ್ರೀ?" ಎಂದು ಮೆಲ್ಲಗೆ ಕೇಳಿದರು. ಟೈಪು ಮಾಡುತ್ತಿದ್ದ ನಾನು ತಲೆ ಎತ್ತಲಿಲ್ಲ.

ಮಧ್ಯಾಹ್ನ ಬಾಡಿಗೆ ಕರಾರಿಗೆ ಸಾಕ್ಷಿಯಾಗಿ ಸಹಿ ಹಾಕಿದ್ದೂ ನಾನೇ. ಮಷೀನನ್ನು ಮೂರು ವರ್ಷದವರೆಗೆ ವಾಪಸ್ ಕಳಿಸುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಕಮಲಕ್ಕನ ಬಗ್ಗೆ ಅಂಥದೊಂದು ಕಾಗದ ನಮ್ಮ ಆಫೀಸಿನಲ್ಲಿ ಯಾವತ್ತೂ ಇರಲಿಲ್ಲ.