ಕೋಟೆಯಲ್ಲಿ ಚೆಲ್ಲಿದ ಚರಗ

ಸಪ್ಪಳ ಬಂತೆಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ ಎಂದು ನಂಬಿದವನು ನಾನು. ಅಣ್ಣಿಗೇರಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತೇನೆ. ಇಂಜಿನ್ನಿನ ದನಿ ಕೇಳಿ ಅದರ ರೋಗ ಹೇಳುವುದೇ ನನ್ನ ಹೊಟ್ಟೆಪಾಡು. ದೆವ್ವ, ಗಾಳಿ, ಸತ್ತವರ ದನಿ ಎಂದು ಯಾರಾದರೂ ಮಾತು ತೆಗೆದರೆ, 'ಮೊದಲ ಬೇರಿಂಗ್ ನೋಡ್ರಿ' ಎಂದು ನಗುತ್ತಿದ್ದೆ. ದೆವ್ವವನ್ನು ಈಗಲೂ ನಂಬುವುದಿಲ್ಲ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಾಕಾ, ಅಪ್ಪನ ತಮ್ಮ, ತೀರಿಕೊಂಡರು. ತಿರ್ಲಾಪುರದಲ್ಲಿ ಅವರ ಹೊಲ. ಮಕ್ಕಳಿಲ್ಲ, ಅವರೂ ಅವರ ಹೆಂಡತಿ ಕಾಕುವೂ ಸೇರಿ ನನ್ನನ್ನೇ ಸಾಕಿದರು. ಕಾಕಾ ಹೋದ ಮೇಲೆ ಕಾಕುವನ್ನು ನಮ್ಮ ಮನೆಗೆ ಕರೆತಂದೆವು. ಆಕೆ ಅಳಲಿಲ್ಲ, ಊಟ ಬಿಟ್ಟಳು. ತಾಟಿನ ಮುಂದೆ ಕೂತು ರೊಟ್ಟಿ ಮುರಿಯುವಳು, ಮುರಿದದ್ದನ್ನು ಹಾಗೇ ಇಟ್ಟು ಏಳುವಳು. 'ಅವ್ರ ಕೂಡ ಉಂಡು ರೂಢಿ ತಮ್ಮಾ, ಒಬ್ಬಾಕಿಗೆ ಗಂಟಲದಾಗ ಇಳಿಯೂದಿಲ್ಲ' ಎನ್ನುವಳು. ಡಾಕ್ಟರು ಏನೂ ರೋಗವಿಲ್ಲ ಎಂದರು. ಚಹಾದ ಮೇಲೆ ಜೀವ ಹಿಡಿದಿದ್ದಳು, ಮೈ ಕಡ್ಡಿಯಾಗಿತ್ತು. ಈಕೆಯೂ ಕೈಬಿಟ್ಟು ಹೋಗುತ್ತಾಳೆ ಎಂದು ನನಗೆ ಅಗದಿ ಅಂಜಿಕೆ ಹತ್ತಿತ್ತು.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ಆ ದಿನ ನಮ್ಮ ಕಡೆ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಮಾಡಿದ ಅಡಿಗೆಯನ್ನು ಭೂಮಿತಾಯಿಗೆಂದು ಬೆಳೆಯ ನಡುವೆ ಎರಚುತ್ತಾ ಒಬ್ಬರು 'ಹುಲ್ಲುಲ್ಲಿಗೋ' ಎಂದು ಕೂಗಬೇಕು. ನೀರು ಚಿಮುಕಿಸುತ್ತಾ ಹಿಂದೆ ಬರುವವರು 'ಚಳ್ಳಂಬ್ರಿಗೋ' ಎಂದು ಓಗೊಡಬೇಕು. ಅರ್ಥ ಕೇಳಬೇಡಿ, ನಮಗೂ ಗೊತ್ತಿಲ್ಲ. ಕಾಕು ಕೂಗುವಾಕೆ, ಕಾಕಾ ಓಗೊಡುವವರು. ಅದಾದ ಮೇಲೆಯೇ ಇಬ್ಬರಿಗೂ ಊಟ. ಸಾವಾದ ಮನೆಗೆ ಆ ವರ್ಷ ಹಬ್ಬವಿಲ್ಲ. ಮನೆಯಲ್ಲಿ ಕೂತರೆ ಆಕೆ ಮತ್ತಷ್ಟು ಕುಗ್ಗುತ್ತಾಳೆಂದು ನಾನೂ ನನ್ನ ಹೆಂಡತಿಯೂ ಆಕೆಯನ್ನು ಕರೆದುಕೊಂಡು ಅಳ್ನಾವರದ ಆಚೆ, ಅಡವಿಯಲ್ಲಿರುವ ಒಂದು ಹಳೆಯ ಕೋಟೆ ನೋಡಲು ಹೋದೆವು.

ಅರ್ಧ ಬಿದ್ದ ಕೋಟೆ. ಗೋಡೆಯ ಸಂದಿನಿಂದ ಆಲದ ಬೇರು ಇಳಿದಿತ್ತು, ಒಳಗೆ ಮೊಳಕಾಲುದ್ದ ಹುಲ್ಲು, ಸುತ್ತ ಸಾಗವಾನಿ, ಬಿದಿರು. ಕಪ್ಪು ಎರಿ ಮಣ್ಣಿನ ಬಯಲಲ್ಲಿ ಬೆಳೆದ ನಮಗೆ ಅಷ್ಟು ಗಿಡ ನೋಡಿಯೇ ಕಣ್ಣು ತಂಪಾಯಿತು. ಬಾಗಿಲ ಹೊರಗೆ ನಮ್ಮ ಗಾಡಿ ಬಿಟ್ಟರೆ ಬೇರೆ ಗಾಡಿಯಿರಲಿಲ್ಲ.

ಬುತ್ತಿ ಬಿಚ್ಚಿದಾಗ ನೋಡಿದರೆ ಕಡಬು, ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ. ಕಾಕು ನಸುಕಿನಲ್ಲೇ ಎದ್ದು ಚರಗದ ಅಡಿಗೆ ಮಾಡಿದ್ದಳು. ಒಂದು ಬುಟ್ಟಿಯಲ್ಲಿ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕಲಸಿಕೊಂಡು ಎದ್ದಳು.

'ಕಾಕೂ, ಇದು ಹೊಲ ಅಲ್ರಿ, ಅಡವಿ. ಇಲ್ಲಿ ಯಾರ ಬೆಳಿಗೆ ಚರಗಾರೀ?' ಎಂದು ನನ್ನ ಹೆಂಡತಿ ನಕ್ಕಳು.

'ಅಡವಿಗೆ ಬ್ಯಾರೆ ಭೂಮಿತಾಯಿ ಇದ್ದಾಳೇನ ಬೇ? ಹೋಗು, ನೀರು ತಾ.'

ಹೆಂಡತಿ ತಂಬಿಗೆ ಹಿಡಿದು ಹೊರಗಿನ ಹೊಂಡದ ಕಡೆ ನಡೆದಳು. ಕಾಕು ಆಕೆಗಾಗಿ ಕಾಯಲಿಲ್ಲ. ಹುಲ್ಲಿನ ಮೇಲೆ ಒಂದು ಹಿಡಿ ಎರಚಿ 'ಹುಲ್ಲುಲ್ಲಿಗೋ' ಎಂದು ಕೂಗಿದಳು. ಓಗೊಡುವ ಪಾಳಿ ಈಗ ನನ್ನದೆಂದು ಗೊತ್ತಿತ್ತು. ಆದರೆ ಕಾಕಾನ ನೆನಪು ಉಕ್ಕಿ ಬಂದು ಬಾಯೇ ಬರಲಿಲ್ಲ.

ಆಗ ಕೊತ್ತಳದ ಕಡೆಯಿಂದ 'ಚಳ್ಳಂಬ್ರಿಗೋ' ಎಂದು ಕೇಳಿಸಿತು.

ಗಂಡಸಿನ ದನಿ. ಜೋರಿಲ್ಲ, ಅವಸರವಿಲ್ಲ. ಕಾಕಾನದೇ ಎಂದು ಆಣೆ ಮಾಡಿ ಹೇಳಲಾರೆ, ಅಲ್ಲ ಎಂದೂ ಹೇಳಲಾರೆ. ಕಾಕು ಅಲ್ಲೇ ನಿಂತಳು. ಆಮೇಲೆ ತಿರುಗಿ ನನ್ನ ಮುಖ ನೋಡಿ ಕೇಳಿದಳು: 'ನೀ ಒದರಿದೇನ ತಮ್ಮಾ?'

'ಇಲ್ಲ ಕಾಕು. ನಾ ಅಲ್ಲ.'

ಆಕೆ ಬುಟ್ಟಿ ಖಾಲಿ ಮಾಡಿ ಬಂದು ಕೂತಳು. ರೊಟ್ಟಿ ಮುರಿದಳು, ಪಲ್ಯ ಹಚ್ಚಿಕೊಂಡಳು, ಉಂಡಳು. ಕಣ್ಣೀರು ಸುರಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಎರಡನೆಯ ರೊಟ್ಟಿ ತಾನೇ ಕೇಳಿದಳು. ನೀರು ತಂದ ನನ್ನ ಹೆಂಡತಿ ನನ್ನ ಕಿವಿಯಲ್ಲಿ, 'ಛಲೋ ಆತು, ನೀವ ಓಗೊಟ್ರಿ' ಎಂದಳು. ಆಕೆಗೂ ಕೇಳಿಸಿತ್ತು.

ನಾನು ಸುಮ್ಮನಿರುವವನಲ್ಲ. ಕೊತ್ತಳ ಹತ್ತಿದೆ, ಸುತ್ತಲಿನ ಗೋಡೆಗುಂಟ ನಡೆದೆ. ಯಾರೂ ಇಲ್ಲ, ಹುಲ್ಲು ತುಳಿದ ಗುರುತೂ ಇಲ್ಲ. ಕಾಕು ನಿಂತಿದ್ದ ಜಾಗದಲ್ಲೇ ನಿಂತು 'ಹುಲ್ಲುಲ್ಲಿಗೋ' ಎಂದು ಕೂಗಿ ನೋಡಿದೆ. ಗೋಡೆ ನನ್ನ 'ಹುಲ್ಲುಲ್ಲಿಗೋ'ವನ್ನೇ ತಿರುಗಿ ಕೊಟ್ಟಿತು. ಪ್ರತಿಧ್ವನಿ ಅಂದದ್ದನ್ನು ಅನ್ನುತ್ತದೆ, ಓಗೊಡುವುದಿಲ್ಲ. ನಮ್ಮ ಸೀಮೆಯ ಯಾರೋ ದಾರಿಹೋಕ ಅಡವಿಯಲ್ಲಿ ಇದ್ದನೇನೋ ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಇದ್ದರೆ ಎದುರಿಗೆ ಯಾಕೆ ಬರಲಿಲ್ಲ? ನನ್ನ ಬುದ್ಧಿ ಅಲ್ಲಿಗೇ ನಿಲ್ಲುತ್ತದೆ.

ಅಂದಿನಿಂದ ಕಾಕು ಉಣ್ಣುತ್ತಾಳೆ. ಮುಂದಿನ ವರ್ಷ ತಿರ್ಲಾಪುರದ ಹೊಲಕ್ಕೇ ಹೋದೆವು. ಜೋಳ ಎದೆಮಟ್ಟ ನಿಂತಿತ್ತು. ಆಕೆ ಚರಗ ಎರಚಿ ಕೂಗಿದಳು. ತಂಬಿಗೆ ಹಿಡಿದು ಹಿಂದೆ ನಿಂತಿದ್ದ ನಾನು ಬಾಯಿ ತೆರೆಯದೆ, ಕಿವಿಗೊಟ್ಟು ಕಾದೆ. ಗಾಳಿಗೆ ಜೋಳದ ಗರಿ ಸರಸರ ಎಂದಿತು, ಅಷ್ಟೇ.

ಕಾಕು ತಿರುಗಿ ನೋಡಿದಳು. 'ಯಾರ ಹಾದಿ ಕಾಯ್ತೀಲೇ? ಅವ್ರು ಇನ್ನ ಬರೂದಿಲ್ಲ. ನೀ ಒದರು, ಹಸಿವ್ಯಾಗೇತಿ.'