ಕರಡಿಯ ಉಸಿರು

ನಮ್ಮ ದೊಡ್ಡಮ್ಮನನ್ನು ಬೀದಿಯ ಮಕ್ಕಳೆಲ್ಲ ನರಿಯಮ್ಮ ಎಂದು ಕರೆಯುತ್ತಿದ್ದರು. ಅದು ಬೈಗುಳವಲ್ಲ, ಬಿರುದು. ವರ್ಷಕ್ಕೊಮ್ಮೆ, ಶಾಲೆಗೆ ರಜೆ ಸಿಕ್ಕ ಮೊದಲ ಭಾನುವಾರ, ಟೀವಿಯಲ್ಲಿ ಒಂದು ಗಂಟೆಯ ಗೊಂಬೆಯಾಟ ಬರುತ್ತಿತ್ತು. ಮನೆ ಕಳೆದುಕೊಂಡ ನರಿ, ಅದರ ಜೊತೆ ಸುಮ್ಮನೆ ಹೊರಟುಬಿಟ್ಟ ಕರಡಿ, ಇಬ್ಬರೂ ಕಾಡೆಲ್ಲ ಸುತ್ತಿ ಕೊನೆಗೆ ಮರದ ದಿಮ್ಮಿಯ ಮೇಲೆ ಕೂತು ಬೆಳಗಾಗುವುದನ್ನು ಕಾಯುವ ಕಥೆ. ನರಿಯೊಳಗಿದ್ದ ಕೈಯೂ ನರಿಯ ದನಿಯೂ ದೊಡ್ಡಮ್ಮನದು. ಕರಡಿ ನಮ್ಮ ದೊಡ್ಡಪ್ಪ. ಆ ಒಂದು ಗಂಟೆ ಬೀದಿಯಲ್ಲಿ ನಾಯಿಗಳನ್ನು ಬಿಟ್ಟರೆ ದೊಡ್ಡಮ್ಮ ಮಾತ್ರ ಕಾಣುತ್ತಿದ್ದಳು. ಆಟ ಶುರುವಾಗುವ ಹೊತ್ತಿಗೆ ಕೈಚೀಲ ಹಿಡಿದು ಹೊರಬೀಳುವಳು, ಮುಗಿದ ಮೇಲೆ ಖಾಲಿ ಚೀಲದೊಂದಿಗೆ ವಾಪಸು ಬರುವಳು. ಮೂವತ್ತೊಂದು ವರ್ಷ ಒಮ್ಮೆಯೂ ಅದನ್ನು ನೋಡಲಿಲ್ಲ. "ನಾನು ಮಾಡಿದ್ದನ್ನ ನಾನೇ ಏನು ನೋಡೋದು?" ಎನ್ನುತ್ತಿದ್ದಳು. ಅದೆಲ್ಲ ಜಂಬ ಎಂದು ಅಮ್ಮನ ತೀರ್ಮಾನ. ತಂಗಿಯಾಗಿ ಅಷ್ಟೂ ಅನ್ನದಿದ್ದರೆ ಹೇಗೆ?

ದೊಡ್ಡಮ್ಮ ಟೀವಿ ಕೇಂದ್ರದ ಉಡುಪಿನ ಕೋಣೆಯಲ್ಲಿ ದರ್ಜಿ. ಸುದ್ದಿ ಓದುವವರ ಕೋಟಿನ ಮುಂಭಾಗವನ್ನಷ್ಟೇ ಇಸ್ತ್ರಿ ಮಾಡುವ ಆ ಕಟ್ಟಡದಲ್ಲಿ ಅವಳೊಬ್ಬಳು ಬೆನ್ನಿನ ಕಡೆಯನ್ನೂ ತಿಕ್ಕುತ್ತಿದ್ದಳು. ಅದೇ ಕಟ್ಟಡದಲ್ಲಿ ನಕಲಿ ಗೋಡೆ, ನಕಲಿ ಬಾಗಿಲು ಮಾಡುತ್ತಿದ್ದ ಬಡಗಿ ದೊಡ್ಡಪ್ಪ. ಬಾಗಿಲ ಪರದೆಯ ಅಳತೆ ವಿಷಯಕ್ಕೆ ಜಗಳವಾಗಿ ಮದುವೆಯಾದರು ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಮಕ್ಕಳಾಗಲಿಲ್ಲ. ಗೊಂಬೆಗಳನ್ನು ಮಾಡಿಕೊಟ್ಟವರೂ ಇವರಿಬ್ಬರೇ. ಹಳೆಯ ಕಂಬಳಿಯಿಂದ ಅವಳು ಕರಡಿಯನ್ನು ಹೊಲಿದಳು, ಅವನು ಅದಕ್ಕೆ ಮರದ ದವಡೆ ಕೂರಿಸಿದ. ಆಡಿಸಲು ಬಂದ ಕಲಾವಿದರು ಕರಡಿಯನ್ನು ಎರಡು ನಿಮಿಷ ಎತ್ತಿ ಹಿಡಿದು, ಭಾರ ತಾಳದೆ, ಇದು ಗೊಂಬೆಯೋ ಗಾಡಿಯ ಗಾಲಿಯೋ ಎಂದು ಕೈಬಿಟ್ಟರು. ನಿರ್ಮಾಪಕ ಬೇರೆ ದಾರಿ ಕಾಣದೆ ಗಂಡಹೆಂಡಿರನ್ನೇ ದಿಮ್ಮಿಯ ಕೆಳಗೆ ಕೂರಿಸಿದ.

ಐದು ದಿನದ ಚಿತ್ರೀಕರಣ. ನಾಲ್ಕನೆಯ ದಿನ ಸಂಜೆ ದೊಡ್ಡಪ್ಪ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಗೆ ಸೇರಿಸಿದರು. ಮರುದಿನ ವೈದ್ಯರು ಗಾಬರಿಪಡುವಂಥದ್ದೇನೂ ಇಲ್ಲ ಎಂದರು. ಮಧ್ಯಾಹ್ನ ನಿರ್ಮಾಪಕ ಬಂದು ಕೈಮುಗಿದ. ಸಂಜೆಯೊಳಗೆ ನಕಲಿ ಕಾಡು ಕಿತ್ತು ಜಾಗ ಖಾಲಿ ಮಾಡಬೇಕಿತ್ತು, ಉಳಿದಿದ್ದು ಒಂಬತ್ತು ನಿಮಿಷದ ಕೊನೆಯ ದೃಶ್ಯ. ದೊಡ್ಡಪ್ಪನೇ "ಹೋಗು, ಮುಗಿಸಿ ಬಾ" ಎಂದನಂತೆ. ಅವಳು ಹೋದಳು. ಬಲಗೈಗೆ ನರಿ, ಎಡಗೈಗೆ ಕರಡಿ. ಕರಡಿಯ ದನಿ ಆಸ್ಪತ್ರೆಯಲ್ಲಿ ಮಲಗಿದ್ದರಿಂದ ಅದರ ಮಾತನ್ನೆಲ್ಲ ಹೊಡೆದುಹಾಕಿದರು. ನರಿಯೊಂದೇ ಮಾತಾಡಿತು, ನರಿಯೊಂದೇ ಹಾಡಿತು. ಕರಡಿಯ ಆ ಮೌನ ಎಂಥ ಕಲೆ ಎಂದು ಪತ್ರಿಕೆಗಳು ಆಮೇಲೆ ಹಾಡಿ ಹೊಗಳಿದವು. ದೊಡ್ಡಮ್ಮ ಆಸ್ಪತ್ರೆ ತಲುಪುವಷ್ಟರಲ್ಲಿ ಹಾಸಿಗೆಯ ಹೊದಿಕೆ ಬದಲಿಸುತ್ತಿದ್ದರು. ನಾಲ್ಕೂ ಇಪ್ಪತ್ತಕ್ಕೆ ಹೋದರು ಎಂದು ಯಾರೋ ಹೇಳಿದರು.

ಇಷ್ಟು ನಮಗೆಲ್ಲ ಗೊತ್ತಿತ್ತು. ಅವಳು ಅದನ್ನು ನೋಡದಿರುವುದು ದುಃಖಕ್ಕೆ ಎಂದು ನಾನೂ, ಜಂಬಕ್ಕೆ ಎಂದು ಅಮ್ಮನೂ ಅಂದುಕೊಂಡಿದ್ದೆವು. ಇಬ್ಬರದೂ ತಪ್ಪು.

ಹೋದ ತಿಂಗಳು ಅವಳ ಫೋನು ಬಂತು. ಒಂದು ಕಣ್ಣು ಹೋಗಿ ವರ್ಷವಾಗಿತ್ತು, ಇನ್ನೊಂದೂ ಹೆಚ್ಚು ದಿನ ಬಾಳುವುದಿಲ್ಲ ಎಂದು ವೈದ್ಯರು ಹೇಳಿದ್ದರು. "ನಿನ್ನ ರಜೆ ದಿನ ಬಾ. ಆ ಆಟ ಈಗ ಬೇಕಾದಾಗ ನೋಡಬಹುದಂತಲ್ಲ, ಹಾಕಿಕೊಡು" ಎಂದಳು. ಕೇಂದ್ರದವರು ಹಳೆಯ ಟೇಪನ್ನು ಶುಚಿ ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದ ಸುದ್ದಿ ಅವಳವರೆಗೂ ಮುಟ್ಟಿತ್ತು.

ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಹೋದೆ. ಎರಡು ಕೋಣೆಯ ಮನೆ. ಹೊಲಿಗೆ ಯಂತ್ರದ ಮೇಲೆ ಅರ್ಧ ಬಿಚ್ಚಿದ ಪ್ಯಾಂಟು, ನೆಲದ ಮೇಲೆ ದಾರದ ಚೂರುಗಳು. ಕಾಣದ ಕಣ್ಣಿನಲ್ಲೂ ಕೆಲಸ ಬಿಡದ ಹಟ. ಟೀವಿಯ ಎದುರು ಕುರ್ಚಿಗಳನ್ನು ಆಗಲೇ ಹಾಕಿಟ್ಟಿದ್ದಳು.

"ನೀನು ಆಸ್ಪತ್ರೆಲಿ ಉಸಿರು ಎಣಿಸ್ತೀಯಲ್ಲ, ಹೇಗೆ?" ಎಂದು ಕೇಳಿದಳು. ಇಪ್ಪತ್ತೆರಡು ವರ್ಷದಿಂದ ನಾನು ವಾರ್ಡಿನಲ್ಲಿ ನರ್ಸು.

"ನಾಡಿ ನೋಡೋ ಥರ ಕೈ ಹಿಡ್ಕೊಂಡು ಎದೆ ಮೇಲೆ ಕಣ್ಣಿಡ್ತೀವಿ. ಎಣಿಸ್ತಿದ್ದೀವಿ ಅಂತ ಗೊತ್ತಾದ್ರೆ ಉಸಿರು ಸರಿಯಾಗಿ ಬರಲ್ಲ."

"ಗೊಂಬೆದು ಎಣಿಸ್ತೀಯಾ?"

ನಾನು ನಕ್ಕೆ. ಅವಳು ನಗಲಿಲ್ಲ.

"ಕೈಯಲ್ಲಿರೋ ಗೊಂಬೆನ ಸುಮ್ಮನೆ ಇಡಬಾರದು ಕಣೇ. ಅದಕ್ಕೆ ಮಾತಿಲ್ಲದಿದ್ರೂ ಮಣಿಕಟ್ಟು ಏರಿಸಿ ಇಳಿಸ್ತಾ ಇರಬೇಕು. ಇಲ್ಲದಿದ್ರೆ ನೋಡೋರಿಗೆ ಸತ್ತ ಹಾಗೆ ಕಾಣುತ್ತೆ. ಅದು ನಮ್ಮ ಉಸಿರಿನ ಲೆಕ್ಕದಲ್ಲೇ ಆಗೋದು, ಬೇಕು ಅಂದ್ರೂ ಬೇರೆ ಮಾಡೋಕೆ ಬರಲ್ಲ. ಒಬ್ಬರೇ ಎರಡು ಗೊಂಬೆ ಹಿಡಿದ್ರೆ ಎರಡೂ ಜೊತೆಗೇ ಉಸಿರಾಡ್ತವೆ. ಗೊತ್ತಿದ್ದೋರು ಅದನ್ನ ನೋಡಿದ ತಕ್ಷಣ ಕಂಡುಹಿಡೀತಾರೆ."

"ಸರಿ, ಅದಕ್ಕೇನೀಗ?"

"ಆ ದಿವಸ ಕರಡಿ ಭಾರ ಇರಲಿಲ್ಲ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ಎಡಗೈಯನ್ನು ತಲೆಯ ಮೇಲೆತ್ತಿ ತೋರಿಸಿದಳು. ಗಂಡಸರ ತೋಳೇ ನಾಲ್ಕು ನಿಮಿಷಕ್ಕೆ ಉರಿಯುತ್ತಿದ್ದ ಕರಡಿಯನ್ನು ಅವಳು ಒಂಬತ್ತು ನಿಮಿಷ ಹಿಡಿದಿದ್ದಳು. ತೋಳಿಗೆ ಗೊತ್ತೇ ಆಗಲಿಲ್ಲವಂತೆ.

"ಅವರು ಒಬ್ಬರೇ ಹೋದ್ರು, ನಾನು ಗೊಂಬೆ ಆಡಿಸ್ತಾ ಕೂತಿದ್ದೆ ಅಂತ ಇಷ್ಟು ವರ್ಷ ಒಳಗೇ ಕೊರೀತಿದೆ. ಅಥವಾ ಅವರೇ ಅಲ್ಲಿಗೆ ಬಂದಿದ್ರಾ? ನೋಡಿದ್ರೆ ಗೊತ್ತಾಗುತ್ತೆ. ಬಂದಿಲ್ಲ ಅಂತ ಗೊತ್ತಾಗಿಬಿಟ್ರೆ ಅಂತಲೇ ನೋಡಲಿಲ್ಲ. ಈಗ ನನಗೆ ಅಷ್ಟು ಸಣ್ಣದು ಕಾಣಲ್ಲ. ನೀನು ಎಣಿಸು. ಸುಳ್ಳು ಮಾತ್ರ ಹೇಳಬೇಡ."

ಸುಳ್ಳು ಹೇಳಬೇಕೆಂದೇ ನಾನು ತೀರ್ಮಾನಿಸಿದ್ದೆ. ಒಂದೇ ಹೆಂಗಸಿನ ಎರಡು ಕೈ ಜೊತೆಗೆ ಏರಿ ಜೊತೆಗೆ ಇಳಿಯುತ್ತವೆ, ನಾನು ಬೇರೆ ಬೇರೆ ಎನ್ನುತ್ತೇನೆ, ಮುದುಕಿಗೆ ಸಮಾಧಾನವಾಗುತ್ತದೆ, ಚಹಾ ಕುಡಿದು ಮನೆಗೆ ಹೋಗುತ್ತೇನೆ. ಇಷ್ಟೇ ನನ್ನ ಯೋಜನೆ.

ಟೀವಿಯಲ್ಲಿ ಆಟ ಹಾಕಿ ಕೊನೆಯ ದೃಶ್ಯಕ್ಕೆ ಓಡಿಸಿದೆ. ಚಿಕ್ಕವಳಿದ್ದಾಗ ಎಷ್ಟು ಸಲ ನೋಡಿದ್ದೆನೋ. ಕರಡಿಗೆ ನಿದ್ದೆ ಬಂತು ಎಂದು ನಾವೆಲ್ಲ ಇಲ್ಲೇ ನಗುತ್ತಿದ್ದೆವು. ದಿಮ್ಮಿ, ನೀಲಿ ಬೆಳಕು, ಹೊಲಿಗೆ ಕಾಣುವ ಎರಡು ಬೆನ್ನು. ಗಡಿಯಾರ ಹಿಡಿದು ಮೊದಲು ನರಿಯನ್ನು ಎಣಿಸಿದೆ. ಮಾತಿನ ನಡುವೆ ಸಣ್ಣ ಸಣ್ಣ ಉಸಿರು, ನಿಮಿಷಕ್ಕೆ ಇಪ್ಪತ್ತನಾಲ್ಕು. ಗಾಬರಿಯಲ್ಲಿದ್ದ ಹೆಂಗಸಿನ ಉಸಿರು. ಆಮೇಲೆ ಕರಡಿಯ ಕಡೆ ಕಣ್ಣು ಹೊರಳಿಸಿದೆ.

ಹತ್ತು.

ಮತ್ತೆ ಎಣಿಸಿದೆ. ಈ ಸಲ ಒಂಬತ್ತು. ನರಿ ಬಿಕ್ಕುವಾಗಲೂ ಕರಡಿ ತನ್ನ ಪಾಡಿಗೆ ನಿಧಾನವಾಗಿ ಏರುತ್ತಿತ್ತು, ನಿಧಾನವಾಗಿ ಇಳಿಯುತ್ತಿತ್ತು.

"ಜೊತೆಗಿದೆಯಾ?"

"ಇಲ್ಲ" ಎಂದೆ. ಸುಳ್ಳು ಹೇಳಲು ಬಂದವಳ ಬಾಯಿಂದ ನಿಜವೇ ಬಂತು. "ಬೇರೆ ಬೇರೆ."

"ಎಣಿಸ್ತಾ ಇರು."

ನರಿ ಹಾಡು ಶುರುಮಾಡಿತು. ಕರಡಿಯ ಉಸಿರಿನ ನಡುವೆ ಬಿಡುವು ಬರತೊಡಗಿತು. ಒಂದು ದೊಡ್ಡದು, ಒಂದು ಚಿಕ್ಕದು, ಆಮೇಲೆ ಏನೂ ಇಲ್ಲ, ಆಮೇಲೆ ಗಕ್ಕನೆ ಮತ್ತೊಂದು. ಈ ಉಸಿರು ನನಗೆ ಗೊತ್ತು. ಇದು ಕಂಡ ಕೂಡಲೇ ನಾವು ವಾರ್ಡಿನಲ್ಲಿ ಹಾಸಿಗೆಯ ಸುತ್ತ ಪರದೆ ಎಳೆದು, ಹೊರಗೆ ಕೂತ ಮನೆಯವರನ್ನು ಕರೆಯುತ್ತೇವೆ. ಕಂಬಳಿಯಲ್ಲಿ ಹೊಲಿದ ಗೊಂಬೆಯೊಂದು ಹಾಗೆ ಉಸಿರಾಡುವುದನ್ನು ನೋಡುತ್ತ ನನಗೆ ನಿಜವಾಗಿ ಭಯವಾಯಿತು. ಟೀವಿ ಆರಿಸೋಣವೆಂದರೆ ಎದ್ದು ಅದರ ಹತ್ತಿರ ಹೋಗುವ ಧೈರ್ಯವಿರಲಿಲ್ಲ. ಹಗಲು ಹೊತ್ತು, ಬೀದಿಯಲ್ಲಿ ಸೈಕಲ್ ಗಂಟೆ ಕೇಳುತ್ತಿತ್ತು, ಆದರೂ.

"ಯಾಕೆ ನಿಲ್ಲಿಸಿದೆ? ಎಣಿಸು."

"ನಾನಲ್ಲ ದೊಡ್ಡಮ್ಮ. ಅದೇ ನಿಂತಿತು."

ಹನ್ನೊಂದು ಸೆಕೆಂಡು ಕರಡಿ ಅಲ್ಲಾಡಲಿಲ್ಲ. ನರಿ ಹಾಡುತ್ತಲೇ ಇತ್ತು. ಆಮೇಲೆ ಕರಡಿಯ ತಲೆ ಒಮ್ಮೆಲೇ ಕುಸಿಯಿತು. ಕೆಳಗಿದ್ದ ಕೈಗೆ ಆಗಷ್ಟೇ ಅದು ಸಿಕ್ಕಿದಂತೆ ತತ್ತರಿಸಿತು, ನಡುಗುತ್ತ ಮೇಲೆ ಬಂತು. ಅಲ್ಲಿಂದ ಮುಂದೆ ನರಿ ಏರಿದಾಗ ಏರಿತು, ನರಿ ಇಳಿದಾಗ ಇಳಿಯಿತು. ಎರಡಕ್ಕೂ ಒಂದೇ ಉಸಿರು.

"ಈಗ ಜೊತೆಗಿದೆ" ಎಂದೆ.

"ಹೂಂ. ಹಾಡಿನ ಕೊನೇಲಿ ಭಾರ ಬಂತು. ತೋಳು ಕಿತ್ತುಹೋಗೋ ಹಾಗೆ ಬಂತು."

ನಾನು ನರ್ಸಲ್ಲವೇ, ನನ್ನ ಬುದ್ಧಿಗೆ ತೋಚಿದ್ದನ್ನು ಹೇಳಿದೆ. ತೋಳು ಮೊದಲು ಮರಗಟ್ಟಿರಬೇಕು, ಆಮೇಲೆ ರಕ್ತ ಓಡಾಡಿ ನೋವು ತಿಳಿದಿರಬೇಕು ಎಂದೆ. ಹೇಳುವಾಗ ನನ್ನ ಮಾತನ್ನು ನಾನೇ ನಂಬಲಿಲ್ಲ. ದೊಡ್ಡಮ್ಮ ಕೇಳಿಸಿಕೊಳ್ಳಲೂ ಇಲ್ಲ. ತೆರೆಯ ಮೇಲೆ ಬೆಳಗಾಯಿತು, ಹೆಸರುಗಳು ಬಂದುಹೋದವು, ಟೀವಿ ಕಪ್ಪಾಯಿತು.

ನಾನು ಅವಳ ಬಲಕ್ಕೆ ಕೂತಿದ್ದೆ. ಅವಳು ಎಡಕ್ಕೆ, ಯಾರೂ ಇಲ್ಲದ ಕಡೆಗೆ ತಿರುಗಿದಳು, ಸಿಟ್ಟಿನಿಂದ, ಮನೆಯೊಳಗೆ ಗಂಡನೊಡನೆ ಜಗಳಕ್ಕೆ ನಿಂತ ಹೆಂಗಸು ತಿರುಗುವ ಹಾಗೆ.

"ಅಷ್ಟು ಹೊತ್ತು ಪಕ್ಕದಲ್ಲೇ ಇದ್ರಿ. ಹೋಗಿ ಬರ್ತೀನಿ ಅಂತ ಒಂದು ಮಾತು ಹೇಳೋಕೆ ಆಗಲಿಲ್ವಾ ನಿಮಗೆ?"